ಸಂದರ್ಶನಕ್ಕೆ ಎಂಥ ಟೈ?

ಪ್ರಶ್ನೆ: ನಾನು ಬಿ.ಕಾಂ. ಅಂತಿಮ ವರ್ಷದ ವಿದ್ಯಾರ್ಥಿ. ಮುಂದಿನ ತಿಂಗಳು ಖಾಸಗಿ ಬ್ಯಾಂಕೊಂದರ ಸಂದರ್ಶನಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿದ್ದು, ಟೈ ಧರಿಸಿ ಬರುವಂತೆ ತಿಳಿಸಿದ್ದಾರೆ. ನನ್ನಲ್ಲಿ ತಿಳಿನೀಲಿ ಬಣ್ಣದ ತುಂಬುತೋಳಿನ ಅಂಗಿ ಮತ್ತು ಕಪ್ಪು ಪ್ಯಾಂಟ್ ಇವೆ, ಕೋಟು ಇಲ್ಲ. ಶಾಲೆಯಲ್ಲಿ ಎಲಾಸ್ಟಿಕ್ ಇದ್ದ ಟೈ ಹಾಕಿಕೊಂಡದ್ದು ಬಿಟ್ಟರೆ ನನಗೆ ಟೈ ಕಟ್ಟಲು ಬರುವುದಿಲ್ಲ. ಸೋದರಮಾವ ತಮ್ಮ ಆರತಕ್ಷತೆಯಲ್ಲಿ ಧರಿಸಿದ್ದ ಹೊಳೆಯುವ ಕೆಂಪು ಟೈ ಕೊಡುತ್ತೇನೆ ಎನ್ನುತ್ತಾರೆ. ಅದು ಸರಿಹೋಗುವುದೇ?
— ಓದುಗ, ದಾವಣಗೆರೆ

ಉತ್ತರ: ಮಾವನವರ ಟೈ ಬೇಡ. ಆರತಕ್ಷತೆಯ ದೀಪಗಳ ಬೆಳಕಿಗೆ ಹೊಂದುವ ಹೊಳಪು ಬ್ಯಾಂಕಿನ ಕೊಠಡಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಸಂದರ್ಶಕರ ಗಮನ ನಿಮ್ಮ ಮಾತಿನ ಮೇಲಿರಬೇಕೇ ಹೊರತು ಎದೆಯ ಮೇಲಲ್ಲ. ನಿಮ್ಮ ತಿಳಿನೀಲಿ ಅಂಗಿಗೆ ಕಡುನೀಲಿ ಅಥವಾ ಮೆರೂನ್ ಬಣ್ಣದ, ಹೊಳಪಿಲ್ಲದ ಟೈ ಚೆನ್ನಾಗಿ ಒಪ್ಪುತ್ತದೆ. ಟೈ ಯಾವಾಗಲೂ ಅಂಗಿಗಿಂತ ಗಾಢವಾಗಿರಲಿ. ಸಣ್ಣ ಚುಕ್ಕೆಗಳಿದ್ದರೆ ತೊಂದರೆಯಿಲ್ಲ, ಓರೆ ಪಟ್ಟೆಗಳೂ ನಮ್ಮಲ್ಲಿ ನಡೆಯುತ್ತವೆ. (ಬ್ರಿಟನ್ನಿನಲ್ಲಿ ಕೆಲವು ಬಣ್ಣದ ಪಟ್ಟೆಗಳು ನಿರ್ದಿಷ್ಟ ಸೇನಾ ರೆಜಿಮೆಂಟಿನ, ಕ್ಲಬ್ಬಿನ ಅಥವಾ ಶಾಲೆಯ ಗುರುತಾಗಿರುವುದರಿಂದ, ಅಲ್ಲಿ ಸಂದರ್ಶನಕ್ಕೆ ಹೋಗುವವರು ಪಟ್ಟೆಗಳ ವಿಷಯದಲ್ಲಿ ಎಚ್ಚರವಾಗಿರುವುದು ಒಳ್ಳೆಯದು.)

ಆದರೆ ಟೈ ಕೊಳ್ಳುವ ಮೊದಲು ಅಂಗಿಯ ಕಾಲರನ್ನು ಪರೀಕ್ಷಿಸಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಸಂದರ್ಶನಕ್ಕೆ ಬರುವ ಅನೇಕ ಹುಡುಗರ ಟೈ ಕೆಟ್ಟದಾಗಿ ಕಾಣುವುದಕ್ಕೆ ಟೈ ಕಾರಣವಾಗಿರುವುದಿಲ್ಲ. ಕತ್ತಿನ ಗುಂಡಿ ಹಾಕಿದಾಗ ಕಾಲರಿನೊಳಗೆ ಎರಡು ಬೆರಳು ಸರಾಗವಾಗಿ ಹೋಗಬೇಕು. ಕತ್ತು ಬಿಗಿಯಾಯಿತೆಂದು ಗುಂಡಿ ಬಿಚ್ಚಿ, ಅದನ್ನು ಟೈ ಗಂಟಿನಿಂದ ಮರೆಮಾಡಲು ಹೋದರೆ ಸ್ವಲ್ಪ ಹೊತ್ತಿನಲ್ಲೇ ಗಂಟು ಕೆಳಗೆ ಜಾರುತ್ತದೆ. ಕಾಲರ್ ಮೆತ್ತಗಾಗಿ ಮುದುಡಿದ್ದರೂ ಅಷ್ಟೇ. ಕೈಯಲ್ಲಿರುವ ಹಣ ಒಂದಕ್ಕೆ ಮಾತ್ರ ಸಾಲುವುದಾದರೆ, ಸರಿಯಾದ ಅಳತೆಯ ಹೊಸ ಅಂಗಿಯನ್ನೇ ಕೊಂಡು, ಟೈಯನ್ನು ಗೆಳೆಯರಿಂದ ಪಡೆಯಿರಿ.

ಅಂಗಡಿಯಲ್ಲಿ ಟೈಯನ್ನು ಸಣ್ಣ ತುದಿಯಿಂದ ಹಿಡಿದು ಇಳಿಬಿಟ್ಟು ನೋಡಿ. ತಿರುಚಿಕೊಳ್ಳದೆ ನೇರವಾಗಿ ತೂಗಿದರೆ ಬಟ್ಟೆಯನ್ನು ಸರಿಯಾಗಿ ಓರೆಯಾಗಿ ಕತ್ತರಿಸಿದ್ದಾರೆಂದು ತಿಳಿಯಬಹುದು. ಬಟ್ಟೆಯನ್ನು ಹೀಗೆ ಓರೆಯಾಗಿ ಕತ್ತರಿಸಿ ಮೂರು ತುಂಡುಗಳನ್ನು ಜೋಡಿಸಿ ಹೊಲಿಯುವ ಕ್ರಮವನ್ನು 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ರೂಢಿಗೆ ತಂದರು. ಗಂಟು ಬಿಚ್ಚಿದ ಮೇಲೆ ಟೈ ಮತ್ತೆ ತನ್ನ ಆಕಾರಕ್ಕೆ ಮರಳುವುದು ಈ ಕತ್ತರಿಕೆಯಿಂದಲೇ. ಅಗಲ ಏಳೂವರೆಯಿಂದ ಎಂಟು ಸೆಂಟಿಮೀಟರ್ ಇರಲಿ. ಐದು ಸೆಂಟಿಮೀಟರಿನ ತೆಳು ಟೈ ಪಾರ್ಟಿಗೆ ಚೆಂದ, ಬ್ಯಾಂಕಿಗಲ್ಲ. ಮೈಸೂರು ಸಿಲ್ಕ್ ಹೆಸರಿನಲ್ಲಿ ಸೀರೆಗಳ ಜೊತೆಗೆ ಟೈಗಳೂ ಬರುತ್ತವೆ, ಆದರೆ ಮೊದಲ ಟೈ ರೇಷ್ಮೆಯದೇ ಆಗಬೇಕೆಂಬ ನಿಯಮವಿಲ್ಲ. ಮಂದವಾದ ಪಾಲಿಯೆಸ್ಟರ್ ಟೈ ಸಾಕು.

ನೀವು ಕೋಟು ಧರಿಸದ ಕಾರಣ ಟೈ ಪೂರ್ತಿಯಾಗಿ ಕಾಣುತ್ತದೆ, ಆದ್ದರಿಂದ ಉದ್ದ ತಪ್ಪಬಾರದು. ನೇರವಾಗಿ ನಿಂತಾಗ ಅಗಲದ ತುದಿ ಬೆಲ್ಟಿನ ಬಕಲ್ ಮುಟ್ಟಬೇಕು. ಎಲಾಸ್ಟಿಕ್ ಟೈ ಬೇಡವೇ ಬೇಡ. ಫೋರ್ ಇನ್ ಹ್ಯಾಂಡ್ ಎಂಬ ಸರಳ ಗಂಟನ್ನು ಕಲಿಯಿರಿ: ಅಗಲದ ತುದಿಯನ್ನು ಬಲಗಡೆ ಸುಮಾರು ಒಂದು ಅಡಿ ಹೆಚ್ಚು ಇಳಿಬಿಟ್ಟು, ಸಣ್ಣ ತುದಿಯ ಮೇಲಿನಿಂದ ಎಡಕ್ಕೆ ದಾಟಿಸಿ, ಹಿಂದಿನಿಂದ ಬಲಕ್ಕೆ ತಂದು, ಮತ್ತೊಮ್ಮೆ ಮುಂದಿನಿಂದ ಎಡಕ್ಕೆ ಸುತ್ತಿ, ಕತ್ತಿನ ಬಳಿಯ ಸಂದಿನಲ್ಲಿ ಕೆಳಗಿನಿಂದ ಮೇಲಕ್ಕೆ ತೂರಿಸಿ, ಮುಂಭಾಗದ ಸುತ್ತಿನೊಳಗಿಂದ ಕೆಳಗೆ ಎಳೆಯಿರಿ. ಮೊದಲ ಸಲ ಉದ್ದ ಹೆಚ್ಚುಕಡಿಮೆಯಾಗುತ್ತದೆ; ಬಿಚ್ಚಿ ಮತ್ತೆ ಕಟ್ಟಿ. ಸಂದರ್ಶನಕ್ಕೆ ಮುನ್ನ ಒಂದು ವಾರ ಪ್ರತಿದಿನ ಟೈ ಕಟ್ಟಿಕೊಂಡು ಸ್ವಲ್ಪ ಹೊತ್ತು ಕುಳಿತು ಓದಿ. ಆಗ ಆ ದಿನ ಕೈ ಮತ್ತೆ ಮತ್ತೆ ಗಂಟಿನ ಕಡೆಗೆ ಹೋಗುವುದಿಲ್ಲ.

ಪ್ರಶ್ನೆ: ಮೆಡಿಕಲ್ ರೆಪ್ ಆಗಿರುವ ನನ್ನ ಮಗನ ರೇಷ್ಮೆ ಟೈ ಮೇಲೆ ಸಾರು ಚೆಲ್ಲಿದೆ. ಹೊಸ ಕಂಪನಿಯ ಸಂದರ್ಶನಕ್ಕೆ ಅದೇ ಬೇಕಂತೆ. ಮನೆಯಲ್ಲಿ ತೊಳೆಯಬಹುದೇ?
— ಓದುಗರು, ಹಾಸನ

ಉತ್ತರ: ದಯವಿಟ್ಟು ನೀರಿಗೆ ಹಾಕಬೇಡಿ. ಟೈ ಒಳಗೆ ಬೇರೊಂದು ದಪ್ಪ ಬಟ್ಟೆಯ ಪದರವಿರುತ್ತದೆ. ನೆನೆದಾಗ ಅದೂ ರೇಷ್ಮೆಯೂ ಬೇರೆಬೇರೆ ರೀತಿ ಕುಗ್ಗಿ ಇಡೀ ಟೈ ಸೊಟ್ಟಗಾಗುತ್ತದೆ. ಕಲೆಯನ್ನು ಉಜ್ಜಿದರೆ ರೇಷ್ಮೆಯ ಎಳೆಗಳು ಏಳುತ್ತವೆ. ಡ್ರೈಕ್ಲೀನಿಂಗ್‌ನವರಿಗೆ ಆದಷ್ಟು ಬೇಗ ಕೊಡಿ, ಅದು ಯಾವುದರ ಕಲೆ ಎಂಬುದನ್ನೂ ತಿಳಿಸಿ. ಅರಿಸಿನದ ಕಲೆ ಪೂರ್ತಿ ಹೋಗದಿರುವ ಸಂಭವವೂ ಇರುವುದರಿಂದ, ಸಂದರ್ಶನಕ್ಕೆ ಇನ್ನೊಂದು ಟೈಯನ್ನು ಸಿದ್ಧವಾಗಿಡಲು ಮಗನಿಗೆ ಈಗಲೇ ಹೇಳಿ.