ಹಾಲಿನ ಚಹಾ, ಬೆಣ್ಣೆ ದೋಸೆ ಮತ್ತು ಮುನಿಸಿಕೊಂಡ ಹೊಟ್ಟೆ

ವಾಂತಿ, ಭೇದಿಯಾಗಿ ಗುಣವಾದ ಮೇಲೆ ಹಾಲಿನ ಚಹಾ ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಇನ್ನು ಬೆಣ್ಣೆ ದೋಸೆಯನ್ನೂ ಬಿಡಬೇಕೇ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿದ್ದುಕೊಂಡು ಬೆಣ್ಣೆ ದೋಸೆ ಬಿಡುವುದು ಸಣ್ಣ ಮಾತಲ್ಲ ಬಿಡಿ! ಆದರೆ ನನಗೆ ಅನುಮಾನವಿರುವುದು ದೋಸೆಯ ಮೇಲಲ್ಲ, ಚಹಾದ ಹಾಲಿನ ಮೇಲೆ.

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಲ್ಯಾಕ್ಟೇಸ್ ಕಿಣ್ವ ಸಣ್ಣ ಕರುಳಿನ ಒಳಪದರದಲ್ಲಿರುತ್ತದೆ. ಭೇದಿಯಲ್ಲಿ ಆ ಪದರ ಘಾಸಿಗೊಂಡರೆ ಕಿಣ್ವ ಕಡಿಮೆಯಾಗುತ್ತದೆ; ಅರಗದ ಸಕ್ಕರೆ ದೊಡ್ಡ ಕರುಳಿಗಿಳಿದು ಬ್ಯಾಕ್ಟೀರಿಯಾಗಳ ಪಾಲಾಗಿ ವಾಯು ಹುಟ್ಟಿಸುತ್ತದೆ. ಪದರ ಚೇತರಿಸಿಕೊಂಡಂತೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಇದು ಸರಿಹೋಗುತ್ತದೆ. ವಯಸ್ಸಿನೊಂದಿಗೆ ಕಿಣ್ವ ತಗ್ಗಿದವರಿಗೆ ಮಾತ್ರ ಅದು ಹಾಗೆ ಮರಳುವುದಿಲ್ಲ.

ಬೆಣ್ಣೆಯಲ್ಲಿ ಲ್ಯಾಕ್ಟೋಸ್ ತೀರಾ ಕಡಿಮೆ, ತುಪ್ಪದಲ್ಲಿ ಇಲ್ಲವೆನ್ನುವಷ್ಟು. ಆದ್ದರಿಂದ ಎರಡು ವಾರ ಹಾಲನ್ನಷ್ಟೇ ಬಿಟ್ಟು ನೋಡಿ. ಕಪ್ಪು ಚಹಾಕ್ಕೆ ನಿಂಬೆ ಹಿಂಡಿಕೊಳ್ಳಿ. ಮೊಸರು, ಮಜ್ಜಿಗೆ ಇಂಥವರಲ್ಲಿ ಹಲವರಿಗೆ ಒಗ್ಗುತ್ತವೆ. ಆಮೇಲೆ ಚಿಕ್ಕ ಲೋಟದಲ್ಲಿ, ಊಟದ ಜೊತೆಗೆ, ಹಾಲನ್ನು ಮತ್ತೆ ಶುರುಮಾಡಿ. ದೋಸೆ ತಿಂದಾಗಲೆಲ್ಲ ಬಲಪಕ್ಕೆಯ ಕೆಳಗೆ ನೋವು ಬಂದರೆ ಅದು ಬೇರೆಯೇ ಕಥೆ: ಜಿಡ್ಡು ಪಿತ್ತಕೋಶವನ್ನು ಕೆಣಕಿರಬಹುದು, ವೈದ್ಯರಿಗೆ ತೋರಿಸಿ ಸ್ಕ್ಯಾನಿಂಗ್ ಮಾಡಿಸಿ. ಸಂಜೆಯ ಮಂಡಕ್ಕಿಯದು ತಪ್ಪಿಲ್ಲ, ಅದರ ಜೊತೆಗಾರ ಮಿರ್ಚಿಯನ್ನು ಸದ್ಯಕ್ಕೆ ದೂರವಿಡಿ.

ಚಪಾತಿಯ ಮೇಲೂ ಸಂಶಯವಿದ್ದರೆ ರಕ್ತಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ. ಬಿಟ್ಟರೆ, ಗೋಧಿಯಲ್ಲಿನ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಘಾಸಿಗೊಳ್ಳುವ ಸೀಲಿಯಾಕ್ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ನಿದ್ದೆಯಿಂದ ಎಬ್ಬಿಸುವಂಥ ಭೇದಿಯಿದ್ದರೆ ಈ ಪ್ರಯೋಗಗಳನ್ನೆಲ್ಲ ಬದಿಗಿಟ್ಟು ತಡಮಾಡದೆ ವೈದ್ಯರನ್ನು ಕಾಣಿ.