ಗೋಡೆಯ ಪಸೆ, ಮೇಲಿನ ಮನೆಯ ಮೀಟರು, ದುಬೈಯ ಅಣ್ಣ

ಊರಲ್ಲಿ ಒಂದೆರಡು ಮನೆ ಬಾಡಿಗೆಗೆ ಕೊಟ್ಟಿರುವ ಓದುಗರ ಪ್ರಶ್ನೆಗಳು ಈ ಸಲ.

ಅಂಬಲಪಾಡಿ, ಉಡುಪಿ: ಮುರಕಲ್ಲಿನ ಮನೆ. ಪಡುಬದಿಯ ಕೋಣೆಯ ಗೋಡೆ ಮಳೆಗಾಲವಿಡೀ ಪಸೆ. ಬಿಡಾರದವರು ಒಳಗೇ ಬಟ್ಟೆ ಒಣಗಿಸುವುದು ಕಾರಣ ಎಂದು ನಾನು, ಗೋಡೆಯೇ ಸರಿಯಿಲ್ಲ ಎಂದು ಅವರು. ಪ್ರತಿವರ್ಷ ಪುಟ್ಟಿ ಹಾಕಿಸಿ ಪೈಂಟ್ ಹೊಡೆಸುತ್ತೇನೆ, ಮರುವರ್ಷ ಸಿಪ್ಪೆ ಏಳುತ್ತದೆ. ಖರ್ಚು ಯಾರದು?

ಜಗಳ ಬಿಟ್ಟು ಮೊದಲು ಪಸೆ ಎಲ್ಲಿಂದ ಬರುತ್ತದೆ ನೋಡಿ. ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ತೆಗೆದಾಗ ಗೋಡೆಗೆ ತಾಗಿದ ಮಗ್ಗುಲಲ್ಲಿ ನೀರಹನಿ ಇದ್ದರೆ ಅದು ಗೋಡೆಯೊಳಗಿನ ನೀರು, ನಿಮ್ಮ ಖರ್ಚು. ಕೋಣೆಯ ಕಡೆಯ ಮಗ್ಗುಲು ಮಾತ್ರ ಒದ್ದೆಯಾಗಿದ್ದರೆ ಗಾಳಿಯ ತೇವ. ಕಿಟಕಿ ಮುಚ್ಚಿಟ್ಟು ಬಟ್ಟೆ ಒಣಗಿಸಿದ್ದರ ಫಲ. ಆಗ ಬಿಡಾರದವರಿಗೆ ಹೇಳಬೇಕಾದದ್ದು ಎರಡೇ: ಮಳೆ ಬಿಟ್ಟಾಗ ಕಿಟಕಿ ತೆರೆಯಲಿ, ಕಪಾಟನ್ನು ಗೋಡೆಯಿಂದ ನಾಲ್ಕಿಂಚು ಈಚೆ ಇಡಲಿ. ಕಪಾಟಿನ ಹಿಂದೆ ಕಪ್ಪು ಬೂಸಲು ಬರುವುದು ಅಲ್ಲಿ ಗಾಳಿಯಾಡದೆ.

ಗೋಡೆಯೊಳಗಿನ ನೀರಿಗೂ ಬೇರೆ ಬೇರೆ ದಾರಿಗಳಿವೆ. ಕಲೆ ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ನಿಂತು ಜನವರಿಯಲ್ಲೂ ಆರದಿದ್ದರೆ ಪಂಚಾಂಗದಿಂದ, ಅಂದರೆ ಅಡಿಪಾಯದಿಂದ, ಏರಿದ ನೀರು. ಬೇಸಿಗೆಯಲ್ಲೂ ಒಂದೇ ಕಡೆ ಒದ್ದೆ ಇದ್ದರೆ ಆಚೆಬದಿಯ ಬಚ್ಚಲಿನ ಪೈಪು ನೋಡಿಸಿ. ಗಾಳಿಮಳೆ ಬಡಿದ ಮರುದಿನ ಕಲೆ ಹರಡಿ, ಮಳೆ ಬಿಟ್ಟ ಮೇಲೆ ಆರಿದರೆ ಹೊರಗಿನ ಗಾರೆ ಕೆಟ್ಟಿದೆ. ನಮ್ಮ ಮಳೆ ಬರುವುದು ಕಡಲ ಕಡೆಯಿಂದ, ಹಾಗಾಗಿ ಪಡುಗೋಡೆಯ ಪೆಟ್ಟು ಹೆಚ್ಚು. ಮುರಕಲ್ಲಿನ ಮೈಯೆಲ್ಲ ತೂತು. ಗಾರೆಯಲ್ಲಿ ಕೂದಲೆಳೆಯ ಬಿರುಕು ಸಾಕು, ನೀರು ಕುಡಿದು ಒಳಗೆ ಬಿಡುತ್ತದೆ. ನಿಮ್ಮದು ಬಹುಶಃ ಇದೇ. ಒಳಗೆ ಎಷ್ಟು ಪುಟ್ಟಿ ಹಾಕಿದರೂ ನೀರು ಹಿಂದಿನಿಂದ ತಳ್ಳುತ್ತದೆ, ಸಿಪ್ಪೆ ಏಳದೆ ಇನ್ನೇನು?

ಕೆಲಸ ಹೊರಗಿನಿಂದ, ಫೆಬ್ರವರಿ–ಎಪ್ರಿಲ್ ನಡುವೆ ಮಾಡಿಸಿ. ಸುತ್ತಿಗೆಯ ಹಿಡಿಯಿಂದ ಗಾರೆಯನ್ನು ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದಲ್ಲೆಲ್ಲ ಕಲ್ಲು ಕಾಣುವ ತನಕ ಕೆತ್ತಿಸಿ. ತಂತಿ ಬ್ರಷ್ಷಿನಿಂದ ಉಜ್ಜಿ ತೊಳೆದು, ಗೋಡೆಗೆ ಚೆನ್ನಾಗಿ ನೀರು ಕುಡಿಸಿ, ಸಿಮೆಂಟ್ ಹಾಲು ಎರಚಿ, ಆಮೇಲೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆಯನ್ನು ಎರಡು ಪದರದಲ್ಲಿ ಒಟ್ಟು 20 ಮಿ.ಮೀ. ದಪ್ಪಕ್ಕೆ ಹಾಕಬೇಕು. ನೀರುನಿರೋಧಕ ದ್ರಾವಣ 50 ಕೆ.ಜಿ. ಸಿಮೆಂಟ್ ಚೀಲಕ್ಕೆ ಸಾಮಾನ್ಯವಾಗಿ 200 ಮಿ.ಲೀ.; ಡಬ್ಬದ ಮೇಲಿನ ಅಳತೆ ನೋಡಿಕೊಳ್ಳಿ. ಹೆಚ್ಚು ಸುರಿದರೆ ಹೆಚ್ಚು ಗಟ್ಟಿ ಎಂಬ ಮೇಸ್ತ್ರಿಯ ಮಾತು ಕೇಳಬೇಡಿ. ಅಳಿವೆಬಾಯಿಯ ಉಪ್ಪುಮರಳು ಬೇಡವೇ ಬೇಡ, ಆ ಉಪ್ಪೇ ಮುಂದೆ ಬಿಳಿ ಹುಡಿಯಾಗಿ ಪೈಂಟನ್ನು ಎಬ್ಬಿಸುತ್ತದೆ. ಏಳು ದಿನ ನೀರು ಹಾಕಿ, ನಾಲ್ಕು ವಾರ ಆರಲು ಬಿಟ್ಟು ಪೈಂಟ್.

ಕಿಟಕಿಯ ಸಜ್ಜ ಗೋಡೆಗೆ ಕೂಡುವ ಜಾಗ ಮರೆಯಬೇಡಿ, ಅರ್ಧಕ್ಕರ್ಧ ಸೋರಿಕೆ ಅಲ್ಲಿನದೇ. ಅಲ್ಲಿ V ಆಕಾರದಲ್ಲಿ ಗೀರು ಕೊರೆದು ಪಾಲಿಮರ್ ಗಾರೆ ತುಂಬಿಸಿ. ಸಜ್ಜದ ಅಡಿಯಲ್ಲಿ, ಹೊರಅಂಚಿನ ಹತ್ತಿರ ಉದ್ದಕ್ಕೂ ಒಂದು ಗೀರು ಇದ್ದರೆ ನೀರು ಗೋಡೆಯತ್ತ ಹಿಂದೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ.

ಕುಲಶೇಖರ, ಮಂಗಳೂರು: ಕೆಳಗೆ ಒಂದು ಸಂಸಾರ, ಮೇಲೆ ಒಂದು ಸಂಸಾರ, ಮೆಸ್ಕಾಂ ಮೀಟರು ಒಂದೇ. ಮೇಲಿನವರಿಗೆ ಸಬ್‌ಮೀಟರು ಹಾಕಿದ್ದೇನೆ. ಗೃಹಜ್ಯೋತಿ ಸಿಗುತ್ತಿಲ್ಲ ಎಂದು ಇಬ್ಬರೂ ದೂರುತ್ತಾರೆ.

ಯೋಜನೆ ಎಣಿಸುವುದು ಆರ್.ಆರ್. ನಂಬರನ್ನು, ಅಂದರೆ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆಯನ್ನು, ಅಡುಗೆಮನೆಗಳನ್ನಲ್ಲ. ಕೆಳಗೆ 120, ಮೇಲೆ 110 ಯೂನಿಟ್ ಉರಿದರೆ ಮೆಸ್ಕಾಂಗೆ ಕಾಣುವುದು 230. ತಿಂಗಳಿಗೆ 200 ದಾಟಿದೊಡನೆ ಪೂರ್ತಿ ಬಿಲ್ಲು ಕಟ್ಟಬೇಕು. 200ರ ಒಳಗಿದ್ದರೂ ಆ ಮೀಟರಿಗೆ ನಿಗದಿಯಾದ ಯೂನಿಟ್ ಮೀರಿದ್ದಕ್ಕೆ ಹಣ ಕೊಡಬೇಕು. ನಿಮ್ಮ ಸಬ್‌ಮೀಟರು ಒಳಗಿನ ಲೆಕ್ಕಕ್ಕೆ ಸರಿ, ಯೋಜನೆಗೆ ಪ್ರಯೋಜನವಿಲ್ಲ.

ಮೇಲಿನ ಮನೆಗೆ ಬೇರೆ ಮೆಟ್ಟಿಲು, ಬೇರೆ ಅಡುಗೆಮನೆ ಇದ್ದರೆ ಪ್ರತ್ಯೇಕ ಸಂಪರ್ಕಕ್ಕೆ ಅರ್ಜಿ ಹಾಕಿ. ಡೋರ್ ನಂಬರು, ಮನೆತೆರಿಗೆ ರಸೀದಿ ಸಿದ್ಧವಿರಲಿ. ವಯರಿಂಗ್ ಬೇರ್ಪಡಿಸುವ ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಆಗಬೇಕು. ಬಾವಿಯ ಪಂಪು ಮತ್ತು ಮೆಟ್ಟಿಲಿನ ದೀಪ ಯಾರ ಮೀಟರಿಗೆ ಎಂದು ಆಗಲೇ ತೀರ್ಮಾನಿಸಿ. ಒಂದು ಹೆಚ್.ಪಿ. ಪಂಪು ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ಎಳೆಯುತ್ತದೆ. ದಿನಕ್ಕೊಂದು ಗಂಟೆ ಓಡಿದರೆ ತಿಂಗಳಿಗೆ 30 ಯೂನಿಟ್. ಅದು ಕೆಳಗಿನವರ ಮೀಟರಲ್ಲಿ ಕೂತರೆ ಮುಂದಿನ ಜಗಳ ಅಲ್ಲಿಂದಲೇ.

ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಿ ಯೋಜನೆ ಪಡೆಯಬಹುದು. ಆದರೆ ಖಾಲಿ ಮಾಡುವಾಗ ಆ ಜೋಡಣೆ ತೆಗೆಸದಿದ್ದರೆ ಹೊಸಬರಿಗೆ ಸಿಗುವುದಿಲ್ಲ, ಹೋದವರಿಗೆ ಹೊಸ ಮನೆಯಲ್ಲೂ ಸಿಗುವುದಿಲ್ಲ. ಅಡ್ವಾನ್ಸ್ ಮರಳಿ ಕೊಡುವ ಮೊದಲು ಸೇವಾಸಿಂಧುವಿನಲ್ಲಿ ಅದನ್ನು ಮುಗಿಸಿಕೊಳ್ಳಿ.

ತೊಕ್ಕೊಟ್ಟು: 11 ತಿಂಗಳ ಕರಾರು ಮುಗಿದು ಎರಡು ವರ್ಷವಾಯಿತು, ಹೊಸತು ಬರೆಸಿಲ್ಲ. ಬಾಡಿಗೆ 9,000. ಮೂರು ತಿಂಗಳಿಂದ ಕೊಟ್ಟಿಲ್ಲ. ನೀರು ನಿಲ್ಲಿಸಿದರೆ ತಾನಾಗಿ ಏಳುತ್ತಾರೆ ಎನ್ನುತ್ತಾರೆ ನೆರೆಯವರು.

ನೀರು, ಕರೆಂಟು ಮುಟ್ಟಬೇಡಿ, ಬೀಗವನ್ನಂತೂ ಬದಲಿಸಲೇಬೇಡಿ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ ಅವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಬಾಕಿದಾರರು ಅವರು, ಕಟಕಟೆಯಲ್ಲಿ ನೀವು ಎಂದಾದೀತು.

ಕರಾರು ಮುಗಿದ ಮೇಲೂ ನೀವು ಬಾಡಿಗೆ ಪಡೆಯುತ್ತ ಬಂದಿದ್ದರಿಂದ ಅದೀಗ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸದು. ನಿಮಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟಿಸು ಸಾಕು. ವಕೀಲರಿಂದ ಬರೆಸಿ ರಿಜಿಸ್ಟ್ರೇಷನ್ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಸ್ವೀಕೃತಿ ಚೀಟಿ ಜೋಪಾನ ಮಾಡಿ. ಗಡುವು ಮುಗಿದರೂ ಏಳದಿದ್ದರೆ ಸಿವಿಲ್ ಕೋರ್ಟು. ಅಷ್ಟು ದೂರ ಹೋಗುವ ಮುನ್ನ ಅಡ್ವಾನ್ಸಿನಲ್ಲಿ ಬಾಕಿ ಮುರಿದು ಉಳಿದದ್ದನ್ನು ಬೀಗದ ಕೈ ಕೊಟ್ಟ ದಿನವೇ ನಗದು ಕೊಡುತ್ತೇನೆ ಎಂದು ಹೇಳಿ ನೋಡಿ. ಹೆಚ್ಚಿನವರು ಏಳದಿರುವುದು ಮುಂದಿನ ಮನೆಗೆ ಅಡ್ವಾನ್ಸ್ ಇಲ್ಲದೆ.

ಬಿಜೈ: ಫ್ಲಾಟ್ ದುಬೈಯಲ್ಲಿರುವ ಅಣ್ಣನ ಹೆಸರಲ್ಲಿ, ನೋಡಿಕೊಳ್ಳುವುದು ನಾನು. ಬಾಡಿಗೆ 18,000. ಬಾಡಿಗೆದಾರರು ಟಿ.ಡಿ.ಎಸ್. (ಬಾಡಿಗೆ ಕೊಡುವಾಗಲೇ ಮುರಿಯುವ ತೆರಿಗೆ) ಹಿಡಿಯಬೇಕು ಎನ್ನುತ್ತಾರೆ. 50,000ದ ಒಳಗಿದ್ದರೆ ಬೇಡವಲ್ಲ?

ಆ 50,000ದ ಮಿತಿ ಮಾಲಕರು ಇಲ್ಲಿನ ನಿವಾಸಿಯಾಗಿದ್ದರೆ ಮಾತ್ರ. ಅನಿವಾಸಿಯಾದರೆ ಮೊತ್ತ ಎಷ್ಟೇ ಇರಲಿ, ಶೇ. 30 ಮತ್ತು ಸೆಸ್ ಸೇರಿ ಶೇ. 31.2 ಹಿಡಿಯಬೇಕು, ಅಂದರೆ ತಿಂಗಳಿಗೆ 5,616 ರೂಪಾಯಿ. ನಿಮ್ಮ ಬಾಡಿಗೆದಾರರು ಹೇಳಿದ್ದು ಸರಿ. ಬಾಡಿಗೆಯನ್ನು ನಿಮ್ಮ ಖಾತೆಗೆ ಹಾಕಿಸಿದರೆ ತಪ್ಪಿಸಬಹುದು ಎಂಬ ಉಪಾಯ ಊರಲ್ಲಿ ಚಾಲ್ತಿಯಲ್ಲಿದೆ. ಆದರೆ ಆದಾಯ ಫ್ಲಾಟ್ ಯಾರದೋ ಅವರದು; ಹಣ ಅಣ್ಣನ ಎನ್‌.ಆರ್‌.ಒ. ಖಾತೆಗೇ (ಅನಿವಾಸಿಗಳು ಇಲ್ಲಿನ ಆದಾಯಕ್ಕಾಗಿ ಇಡುವ ಬ್ಯಾಂಕ್ ಖಾತೆ) ಹೋಗಲಿ.

ಹಿಡಿದ ಹಣ ಮುಳುಗಿಹೋಗುವುದಿಲ್ಲ. ವರ್ಷದ ಬಾಡಿಗೆ 2,16,000. ಕಟ್ಟಿದ ಮನೆತೆರಿಗೆ 6,000 ಎಂದಿಟ್ಟುಕೊಂಡರೆ ಉಳಿದದ್ದು 2,10,000. ಅದರಲ್ಲಿ ಶೇ. 30 ರಿಯಾಯಿತಿ, 63,000, ಕಳೆದರೆ 1,47,000. ಇಲ್ಲಿ ಬೇರೆ ಆದಾಯ ಇಲ್ಲದಿದ್ದರೆ ತೆರಿಗೆಯೇ ಬಾರದು, ರಿಟರ್ನ್ ಸಲ್ಲಿಸಿ ಪೂರ್ತಿ ವಾಪಸು ಪಡೆಯಬಹುದು. ಕಾಯುವುದು ಬೇಡವಾದರೆ ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಅಣ್ಣನೇ ಅರ್ಜಿ ಹಾಕಲಿ.

ಮಣಿಪಾಲ: ಮೂರು ವರ್ಷ ಇದ್ದು ಹೋಗುವವರ ಅಡ್ವಾನ್ಸಿನಲ್ಲಿ ಪೈಂಟಿಂಗ್ ಖರ್ಚು ಮುರಿಯಬಹುದೇ?

ಕರಾರಿನಲ್ಲಿ ಬರೆದಿದ್ದರೆ ಮಾತ್ರ. ಮೂರು ವರ್ಷಕ್ಕೆ ಪೈಂಟ್ ಮಾಸುವುದು ಸಹಜ ಸವೆತ. ಒಡೆದ ವಾಶ್‌ಬೇಸಿನ್, ಕಿತ್ತ ಬಾಗಿಲ ಚಿಲಕ ಅವರ ಲೆಕ್ಕಕ್ಕೆ.

ಪಡೀಲ್: ಎಪ್ರಿಲ್ ಕೊನೆಗೆ ಬಾವಿಯ ತಳ ಕಾಣುತ್ತದೆ. ಟ್ಯಾಂಕರ್ ನೀರಿನ ಖರ್ಚು ಯಾರು ಕೊಡಬೇಕು?

ಬಾಡಿಗೆಯಲ್ಲಿ ನೀರು ಸೇರಿದೆ ಎಂದು ಹೇಳಿ ಮನೆ ಕೊಟ್ಟಿದ್ದರೆ ನೀವೇ. ಮುಂದಿನ ಕರಾರಿನಲ್ಲಿ ಎಪ್ರಿಲ್, ಮೇ ತಿಂಗಳ ಟ್ಯಾಂಕರ್ ಖರ್ಚನ್ನು ಮನೆಗಳ ಲೆಕ್ಕದಲ್ಲಿ ಹಂಚುವುದೆಂದು ಬರೆಸಿ. ಪಂಪನ್ನು ಒಂದೇ ಸಲ ಒಂದು ಗಂಟೆ ಓಡಿಸುವ ಬದಲು ಬೆಳಿಗ್ಗೆ 20 ನಿಮಿಷ, ಸಂಜೆ 20 ನಿಮಿಷ ಓಡಿಸಿ, ನಡುವೆ ಒರತೆ ತುಂಬಲಿ. ಫುಟ್‌ವಾಲ್ವ್ (ಪೈಪಿನ ಕೆಳತುದಿಯ ಕವಾಟ) ನೀರಿನಿಂದ ಮೇಲೆ ನಿಂತು ಗಾಳಿ ಎಳೆದರೆ ಪಂಪಿನ ಸೀಲು ಸುಟ್ಟುಹೋಗುತ್ತದೆ. ನೀರಿಲ್ಲದಾಗ ತಾನಾಗಿ ನಿಲ್ಲಿಸುವ ಸಾಧನವೊಂದನ್ನು ಮಾರ್ಚಿನೊಳಗೆ ಹಾಕಿಸಿಬಿಡಿ.