ಹೆರಿಗೆ ರಜೆ ಮತ್ತು ಕೆಲಸದ ಭಯ: ಹೆಸರು ಹಾಕದೆ ಕೇಳಿದ ತಂಗಿಗೆ

ನಮ್ಮ ಕ್ರೋಶೆ (ಕೊಕ್ಕೆ ಹೆಣಿಗೆ) ಗುಂಪಿನಲ್ಲಿ ನೀವು ಮಗುವಿನ ಹೊದಿಕೆಗೆ ಯಾವ ನೂಲು ಅಂತ ಕೇಳಿದ್ದಿರಿ, ಮೊದಲು ಅದನ್ನು ಮುಗಿಸಿಬಿಡುತ್ತೇನೆ. ಎಳೆ ಮಗುವಿನ ಹೊದಿಕೆಗೆ ಮೆತ್ತನೆಯ ಹತ್ತಿ ನೂಲು ತಗೊಳ್ಳಿ, ಉಣ್ಣೆ ಚುಚ್ಚುತ್ತದೆ. ದೊಡ್ಡ ತೂತು ಬರುವ ವಿನ್ಯಾಸ ಬೇಡ, ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ. ಹೆಣಿಗೆ ಒತ್ತಾಗಿ ಇರಲಿ.

ಈಗ ನೀವು "ಕ್ರೋಶೆಗೆ ಸಂಬಂಧ ಇಲ್ಲ, ಕ್ಷಮಿಸಿ" ಅಂತ ಬರೆದು ಕೊನೆಯಲ್ಲಿ ಕೇಳಿದ ಪ್ರಶ್ನೆ. ಖಾಸಗಿ ಕಂಪನಿ ಸೇರಿ ಎಂಟು ತಿಂಗಳಾಗಿದೆ, ಪ್ರೊಬೇಷನ್ (ಖಾಯಂ ಆಗುವ ಮುಂಚಿನ ಪರೀಕ್ಷಾ ಅವಧಿ) ಇನ್ನೂ ಮುಗಿದಿಲ್ಲ. ಇಬ್ಬರಿಗೂ ಮಗು ಬೇಕು. ಆದರೆ ಟೀಮಿನಿಂದ ಕೆಲವರನ್ನು ತೆಗೆದಿದ್ದಾರೆ. ಗರ್ಭಿಣಿ ಅಂತ ಗೊತ್ತಾದರೆ ಮುಂದಿನ ಪಟ್ಟಿಯಲ್ಲಿ ನನ್ನ ಹೆಸರೇ ಬರುತ್ತದೇನೋ, ಖಾಯಂ ಆಗುವವರೆಗೆ ಕಾಯಲಾ ಅಂತ ಕೇಳಿದ್ದೀರಿ.

ಕ್ಷಮೆ ಕೇಳುವಂಥದ್ದು ಏನೂ ಇಲ್ಲ. ಇಲ್ಲಿ ತುಂಬಾ ಜನ ಇದೇ ಚಿಂತೆಯಲ್ಲಿ ರಾತ್ರಿ ನಿದ್ದೆ ಕೆಡಿಸಿಕೊಂಡವರೇ. ನಾನು ವರ್ಷಗಟ್ಟಲೆ ಸಂಬಳ ಮತ್ತು ರಜೆ ಲೆಕ್ಕದ ವಿಭಾಗದಲ್ಲಿ ಕೆಲಸ ಮಾಡಿದವಳು. ಹೆರಿಗೆ ರಜೆಯ ಅರ್ಜಿಗಳನ್ನು ನೋಡುವುದೇ ನನ್ನ ಕೆಲಸವಾಗಿತ್ತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಬರೀ ಖಾಯಂ ಆಗಲಿ ಅಂತ ಕಾಯಬೇಡಿ. ದುಡ್ಡಿಗಾಗಿ, ಆರೋಗ್ಯಕ್ಕಾಗಿ, ನಿಮ್ಮ ಮನಸ್ಸಿಗಾಗಿ ಕಾಯುವುದು ಬೇರೆ. ಹೆರಿಗೆ ರಜೆಯ ಕಾನೂನಿಗೆ ಮಾತ್ರ ಖಾಯಂ, ಪ್ರೊಬೇಷನ್ ಅನ್ನುವ ಭೇದ ಇಲ್ಲ. ಅದು ಕೇಳುವುದು ಇಷ್ಟೇ: ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಅದೇ ಕಡೆ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಸಂಬಳ ಸಹಿತ ಸಾರ್ವತ್ರಿಕ ರಜೆಗಳೂ ಆ 80ರಲ್ಲಿ ಸೇರುತ್ತವೆ. ಕ್ಯಾಲೆಂಡರ್ ಹಿಡಿದು ಎಣಿಸಿ ನೋಡಿ. ಹೆರಿಗೆಯಿಂದ 12 ತಿಂಗಳು ಹಿಂದಕ್ಕೆ ಹೋದರೆ ಗರ್ಭ ನಿಲ್ಲುವುದಕ್ಕೂ ಸುಮಾರು ಮೂರು ತಿಂಗಳು ಮುಂಚಿನ ದಿನ ಬರುತ್ತದೆ. ನೀವು ಆಗಲೂ ಅಲ್ಲೇ ಕೆಲಸದಲ್ಲಿದ್ದವರು. ಹಾಗಾಗಿ ಈ ತಿಂಗಳೇ ಗರ್ಭಿಣಿಯಾದರೂ ಕೆಲವೇ ವಾರಗಳಲ್ಲಿ ಆ 80 ದಿನ ತುಂಬಿರುತ್ತದೆ.

ಈ ಕಾನೂನು 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದ ಬಂದದ್ದು. 2017ರ ತಿದ್ದುಪಡಿಯಲ್ಲಿ ರಜೆ 12 ವಾರದಿಂದ 26 ವಾರಕ್ಕೆ ಏರಿತು. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಹೆಸರು ಬದಲಾಯಿತು, ಆದರೆ 26 ವಾರ, 80 ದಿನ ಹಾಗೇ ಇವೆ. ಅಂಗಡಿ, ಆಫೀಸು ಅಂದರೆ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಅನ್ವಯ. 26 ವಾರದಲ್ಲಿ ಹೆಚ್ಚೆಂದರೆ 8 ವಾರ ಹೆರಿಗೆಗೆ ಮುಂಚೆ ತಗೊಳ್ಳಬಹುದು. ಹೆರಿಗೆಯಾದ ಮೇಲಿನ 6 ವಾರ ನಿಮ್ಮಿಂದ ಕೆಲಸ ಮಾಡಿಸುವುದೇ ತಪ್ಪು. ಈಗಾಗಲೇ ಇಬ್ಬರು ಮಕ್ಕಳಿದ್ದರೆ ಮುಂದಿನ ಹೆರಿಗೆಗೆ 12 ವಾರ ಮಾತ್ರ.

ಇನ್ನು ನಿಮ್ಮ ನಿಜವಾದ ಭಯಕ್ಕೆ ಬರೋಣ. ಕೆಲಸದಿಂದ ತೆಗೆಯಬಹುದಾ? ಇಲ್ಲಿ ಎರಡು ಬೇರೆ ಬೇರೆ ಅವಧಿಗಳಿವೆ. ಹೆಚ್ಚಿನವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಹೆರಿಗೆ ರಜೆಯಲ್ಲಿ ಇರುವಾಗ ಕಾವಲು ಗಟ್ಟಿ. ಆ ರಜೆಯ ಸಮಯದಲ್ಲಿ ಅಥವಾ ಆ ರಜೆ ತಗೊಂಡಿದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ನೋಟಿಸ್ ಪೀರಿಯಡ್ ರಜೆಯೊಳಗೆ ಮುಗಿಯುವ ಹಾಗೆ ಮುಂಚೆಯೇ ನೋಟಿಸ್ ಕೊಡುವುದೂ ಕಾನೂನುಬಾಹಿರ. ರಜೆಯಲ್ಲಿ ಇದ್ದಾರೆ ಅಂತ ನಿಮ್ಮ ಕೆಲಸದ ಷರತ್ತುಗಳನ್ನು ನಿಮಗೆ ನಷ್ಟ ಆಗುವ ಹಾಗೆ ಬದಲಾಯಿಸುವಂತಿಲ್ಲ.

ಗರ್ಭಿಣಿಯಾಗಿದ್ದು ಇನ್ನೂ ರಜೆಗೆ ಹೋಗದೆ ಇರುವ ತಿಂಗಳುಗಳಲ್ಲಿ ಕಾವಲು ಸ್ವಲ್ಪ ಬೇರೆ ಥರ. ಆಗ ತೆಗೆದರೂ ಹೆರಿಗೆ ಸೌಲಭ್ಯದ ಹಣ ನಿಮ್ಮ ಕೈತಪ್ಪಬಾರದು ಅನ್ನುತ್ತದೆ ಕಾನೂನು. ಗಂಭೀರ ದುರ್ನಡತೆ ಅಂತ ಲಿಖಿತ ಆದೇಶ ಕೊಟ್ಟರೆ ಮಾತ್ರ ಆ ಹಣ ತಡೆಯಬಹುದು. ಅದರ ವಿರುದ್ಧವೂ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಅಂದರೆ ಆ ತಿಂಗಳುಗಳಲ್ಲಿ ಹಣಕ್ಕೆ ರಕ್ಷಣೆ ಇದೆ, ಆದರೆ ಇಡೀ ಟೀಮನ್ನೇ ಮುಚ್ಚಿದರೆ ಕುರ್ಚಿಗೆ ಅಷ್ಟು ಗಟ್ಟಿ ರಕ್ಷಣೆ ಇಲ್ಲ. ಇದನ್ನು ಮುಚ್ಚಿಟ್ಟು ಸುಮ್ನೆ ಧೈರ್ಯ ಹೇಳಿದರೆ ನಿಮಗೆ ಅನ್ಯಾಯ ಮಾಡಿದ ಹಾಗೆ.

ಪ್ರೊಬೇಷನ್ ಬಗ್ಗೆ ಒಂದು ತೀರ್ಪು ನಿಮಗೆ ಗೊತ್ತಿರಲಿ. ಎಲ್‌ಐಸಿಯಲ್ಲಿ ಪ್ರೊಬೇಷನ್‌ನಲ್ಲಿದ್ದ ಒಬ್ಬ ಮಹಿಳೆಯನ್ನು ಹೆರಿಗೆ ರಜೆ ಕೇಳಿದ ಮೇಲೆ ತೆಗೆದರು. ಸೇರುವಾಗ ಕೊಟ್ಟ ಫಾರಂನಲ್ಲಿ ಮುಟ್ಟಿನ ದಿನಾಂಕ ತಪ್ಪು ಬರೆದಿದ್ದೀರಿ ಅನ್ನುವುದು ಅವರ ಕಾರಣ. 1991ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಕೆಲಸಕ್ಕೆ ತಗೊಳ್ಳಿ ಎಂದಿತು. ಅಂಥ ಪ್ರಶ್ನೆಗಳನ್ನು ಫಾರಂನಿಂದಲೇ ತೆಗೆಯಬೇಕು ಎಂದೂ ಹೇಳಿತು. ಸಂದರ್ಶನದಲ್ಲಿ "ಮಗುವಿನ ಪ್ಲಾನ್ ಏನಾದರೂ ಇದೆಯಾ" ಅಂತ ಇವತ್ತಿಗೂ ಕೇಳುವವರಿದ್ದಾರಲ್ಲ, ಆ ಪ್ರಶ್ನೆಗೆ ಉತ್ತರ ಕೊಡಲೇಬೇಕು ಅನ್ನುವ ಕಾನೂನು ಎಲ್ಲೂ ಇಲ್ಲ.

ಗುತ್ತಿಗೆ ಮೇಲೆ ಇರುವವರೂ ಈ ಗುಂಪಿನಲ್ಲಿ ಇದ್ದೀರಿ. 2023ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಆಸ್ಪತ್ರೆಯೊಂದರ ಗುತ್ತಿಗೆ ವೈದ್ಯೆಯ ಪ್ರಕರಣದಲ್ಲಿ ಒಂದು ಒಳ್ಳೆಯ ತೀರ್ಪು ಕೊಟ್ಟಿದೆ. ರಜೆಯ ಮಧ್ಯದಲ್ಲಿ ಗುತ್ತಿಗೆ ಮುಗಿದರೂ ಪೂರ್ತಿ 26 ವಾರದ ಸೌಲಭ್ಯ ಕೊಡಲೇಬೇಕು ಅಂತ. ದಿನಗೂಲಿ ಹೆಂಗಸರಿಗೂ ಈ ಹಕ್ಕು ಇದೆ ಅಂತ 2000ದಲ್ಲೇ ಹೇಳಿತ್ತು.

ಇಷ್ಟೆಲ್ಲ ಕಾನೂನು ಇದ್ದೂ ಹೆಂಗಸರು ಕೆಲಸ ಕಳೆದುಕೊಳ್ಳುವುದು ಹೇಗೆ? ನಾನು ನೋಡಿದ ಮಟ್ಟಿಗೆ, ತೆಗೆದುಹಾಕಿದ್ದರಿಂದ ಹೋದವರಿಗಿಂತ ತಾವೇ ರಾಜೀನಾಮೆ ಬರೆದುಕೊಟ್ಟು ಹೋದವರೇ ಜಾಸ್ತಿ. ಬರೆದುಕೊಡುವ ಹಾಗೆ ಮಾಡುತ್ತಾರೆ. ಒಂದು ಮೀಟಿಂಗ್ ಕರೆಯುತ್ತಾರೆ. ಮಾತು ಮೃದುವಾಗಿಯೇ ಇರುತ್ತದೆ. "ನಿಮ್ಮ ಆರೋಗ್ಯ ಮುಖ್ಯ ಅಲ್ವಾ, ಈಗ ರಾಜೀನಾಮೆ ಕೊಡಿ, ಮಗು ದೊಡ್ಡದಾದ ಮೇಲೆ ಮತ್ತೆ ತಗೊಳ್ತೇವೆ" ಅನ್ನುತ್ತಾರೆ. ರಾಜೀನಾಮೆಗೆ ಸಹಿ ಬಿದ್ದರೆ ಮೇಲೆ ಹೇಳಿದ ಕಾವಲುಗಳೆಲ್ಲ ತೆಳುವಾಗಿಬಿಡುತ್ತವೆ, ಯಾಕೆಂದರೆ ದಾಖಲೆಯಲ್ಲಿ ನೀವೇ ಹೋದಿರಿ ಅಂತ ಇರುತ್ತದೆ. ಹಾಗಾಗಿ ಆ ಮೀಟಿಂಗ್‌ನಲ್ಲಿ ಏನಕ್ಕೂ ಸಹಿ ಹಾಕಬೇಡಿ. "ಯೋಚನೆ ಮಾಡಿ ಮೇಲ್‌ನಲ್ಲಿ ಉತ್ತರಿಸುತ್ತೇನೆ" ಅಂದು ಎದ್ದು ಬನ್ನಿ. ಅದೇ ದಿನ ಒಂದು ಮೇಲ್ ಹಾಕಿ: ಇವತ್ತು ಇಷ್ಟು ಗಂಟೆಗೆ ನಡೆದ ಮಾತುಕತೆಯಲ್ಲಿ ನನಗೆ ರಾಜೀನಾಮೆ ಕೊಡಲು ಸೂಚಿಸಲಾಯಿತು, ನನಗೆ ರಾಜೀನಾಮೆ ಕೊಡುವ ಉದ್ದೇಶ ಇಲ್ಲ, ಕೆಲಸ ಮುಂದುವರಿಸುತ್ತೇನೆ. ಜಗಳದ ಧಾಟಿ ಬೇಡ. ನಾಲ್ಕು ಸಾಲು ಸಾಕು. ಹಾಗೆ ಮಾಡಿದ ಕೆಲವರ ವಿಷಯದಲ್ಲಿ ಆ ಮಾತು ಅಲ್ಲಿಗೇ ನಿಂತಿದ್ದನ್ನು ನಾನು ನೋಡಿದ್ದೇನೆ.

ಅದಕ್ಕೇ ಕಾಗದದ ವಿಷಯದಲ್ಲಿ ಈಗಿನಿಂದಲೇ ಶಿಸ್ತು ಬೇಕು. ಆಫರ್ ಲೆಟರ್, ಸ್ಯಾಲರಿ ಸ್ಲಿಪ್‌ಗಳು, ಅಪ್ರೈಸಲ್‌ನಲ್ಲಿ (ಕೆಲಸದ ಮೌಲ್ಯಮಾಪನದಲ್ಲಿ) ಬಂದ ಒಳ್ಳೆಯ ಮಾತುಗಳು, ಕಂಪನಿಯ ರಜೆ ನಿಯಮಾವಳಿ ಎಲ್ಲದರ ಪ್ರತಿ ಮನೆಯಲ್ಲಿರಲಿ. ಅಪ್ರೈಸಲ್ ಕಾಗದಗಳು ಬಹಳ ಮುಖ್ಯ. ಗರ್ಭಿಣಿ ಅಂತ ತಿಳಿಸುವ ಮುಂಚೆ "ಚೆನ್ನಾಗಿ ಕೆಲಸ ಮಾಡುತ್ತಾರೆ" ಅಂತ ಬರೆದವರು, ತಿಳಿಸಿದ ಮೇಲೆ ಇದ್ದಕ್ಕಿದ್ದಂತೆ "ಕೆಲಸ ಸಾಲದು" ಅಂದರೆ, ಆ ಎರಡು ಕಾಗದಗಳೇ ನಿಮ್ಮ ಪರವಾಗಿ ಮಾತಾಡುತ್ತವೆ. ಆದರೆ ಗ್ರಾಹಕರ ಮಾಹಿತಿ, ಕಂಪನಿಯ ಗುಟ್ಟಿನ ಫೈಲ್‌ಗಳನ್ನು ಮಾತ್ರ ಮನೆಗೆ ಕಳಿಸಿಕೊಳ್ಳಬೇಡಿ. ಅದನ್ನೇ ದುರ್ನಡತೆ ಅಂತ ಹಿಡಿಯಬಹುದು.

ಯಾವಾಗ ತಿಳಿಸಬೇಕು? ಗರ್ಭಪಾತದ ಸಾಧ್ಯತೆ ಮೊದಲ 12 ವಾರದಲ್ಲೇ ಜಾಸ್ತಿ, ಅದಕ್ಕೇ ತುಂಬಾ ಜನ ಅಲ್ಲಿಯವರೆಗೆ ಯಾರಿಗೂ ಹೇಳುವುದಿಲ್ಲ. ಅದು ನಿಮ್ಮ ಇಷ್ಟ. ಆದರೆ ಅದಾದ ಮೇಲೆ ತುಂಬಾ ತಡ ಮಾಡಬೇಡಿ. ಕಂಪನಿಗೆ ಗೊತ್ತಿತ್ತು ಅನ್ನುವುದಕ್ಕೆ ದಾಖಲೆ ಇದ್ದರೆ, "ನಮಗೆ ಗೊತ್ತೇ ಇರಲಿಲ್ಲ, ಖರ್ಚು ಕಡಿಮೆ ಮಾಡಲು ತೆಗೆದೆವು" ಅನ್ನುವುದು ಅವರಿಗೆ ಕಷ್ಟ. ಮ್ಯಾನೇಜರ್‌ಗೆ ಬಾಯಲ್ಲಿ ಹೇಳಿದ ದಿನವೇ ಎಚ್‌ಆರ್‌ಗೂ ಸೇರಿಸಿ ಮೇಲ್ ಹಾಕಿ. ನಿರೀಕ್ಷಿತ ದಿನಾಂಕ, ರಜೆ ಶುರು ಮಾಡುವ ಅಂದಾಜು ದಿನ, ಡಾಕ್ಟರ್ ಕೊಟ್ಟ ಪ್ರಮಾಣಪತ್ರ, ಇಷ್ಟು ಇರಲಿ. ರಾಸಾಯನಿಕ, ಭಾರ ಎತ್ತುವುದು, ತುಂಬಾ ಹೊತ್ತು ನಿಲ್ಲುವುದು ಇರುವ ಕೆಲಸ ಆದರೆ 12 ವಾರ ಕಾಯದೆ ಮೊದಲೇ ತಿಳಿಸಿ. ಗರ್ಭಪಾತ ಆದರೂ 6 ವಾರದ ಸಂಬಳ ಸಹಿತ ರಜೆ ನಿಮ್ಮ ಹಕ್ಕು. ಇದು ಗೊತ್ತಿಲ್ಲದೆ ಮೂರನೇ ದಿನಕ್ಕೇ ಕೆಲಸಕ್ಕೆ ಬಂದು ಕೂತವರನ್ನು ನೋಡಿ ನನಗೆ ತುಂಬಾ ಸಂಕಟ ಆಗಿದೆ. ದಯವಿಟ್ಟು ನಿಮ್ಮ ಗೆಳತಿಯರಿಗೂ ಹೇಳಿ.

ಹಣದ ಲೆಕ್ಕ. ರಜೆಗೆ ಮುಂಚಿನ ಮೂರು ತಿಂಗಳ ಸರಾಸರಿ ದಿನದ ವೇತನದ ಮೇಲೆ ಸೌಲಭ್ಯ ನಿಗದಿಯಾಗುತ್ತದೆ. ಇನ್ಸೆಂಟಿವ್, ಭತ್ಯೆಗಳಲ್ಲಿ ಯಾವುದು ಸಿಗುತ್ತದೆ, ಯಾವುದು ಇಲ್ಲ ಅಂತ ಎಚ್‌ಆರ್‌ನಿಂದ ಲಿಖಿತವಾಗಿ ಕೇಳಿ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಇದ್ದು ಇಎಸ್‌ಐ (ಸರ್ಕಾರದ ಕಾರ್ಮಿಕರ ರಾಜ್ಯ ವಿಮೆ) ಕಟ್ಟುತ್ತಿದ್ದರೆ ದಾರಿ ಬೇರೆ. ಹಣ ಕಂಪನಿಯಿಂದಲ್ಲ, ಇಎಸ್‌ಐನಿಂದಲೇ ಬರುತ್ತದೆ. ಅದಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದು ಆರು ತಿಂಗಳದ್ದು) ಒಟ್ಟು 70 ದಿನದ ವಂತಿಗೆ ಕಟ್ಟಿರಬೇಕು. ಸ್ಲಿಪ್‌ನಲ್ಲಿ ಕಡಿತ ಆಗಿದ್ದರೆ ಸಾಲದು, ನಿಜವಾಗಿ ಜಮಾ ಆಗಿದೆಯಾ ಅಂತ ನಿಮ್ಮ ಇಎಸ್‌ಐ ಖಾತೆಯಲ್ಲಿ ನೋಡಿಕೊಳ್ಳಿ.

ನಾನು ಎಲ್ಲರಿಗೂ ಒತ್ತಿ ಹೇಳುವ ಇನ್ನೊಂದು ವಿಷಯ ಆರೋಗ್ಯ ವಿಮೆ. ಕೆಲಸ ಹೋದರೆ ಸಂಬಳದ ಜೊತೆ ಕಂಪನಿಯ ಗ್ರೂಪ್ ವಿಮೆಯೂ ಹೋಗುತ್ತದೆ. ಹೆರಿಗೆಗೆ ಎರಡು ತಿಂಗಳು ಇರುವಾಗ ಹಾಗಾದರೆ ಆಸ್ಪತ್ರೆ ಬಿಲ್ ಪೂರ್ತಿ ನಿಮ್ಮ ಮೇಲೆ. ಆಗ ಹೊಸದಾಗಿ ಸ್ವಂತ ವಿಮೆ ಮಾಡಿಸಿದರೂ ಹೆರಿಗೆ ಖರ್ಚಿಗೆ ಒಂಬತ್ತು ತಿಂಗಳಿಂದ ಕೆಲವು ವರ್ಷದವರೆಗೆ ಕಾಯುವ ಅವಧಿ ಇರುತ್ತದೆ. ಅದಕ್ಕೇ ಮಗುವಿನ ಯೋಚನೆ ಶುರುವಾದಾಗಲೇ ನಿಮ್ಮ ಗಂಡನ ಕಂಪನಿಯ ವಿಮೆಯಲ್ಲಿ ನಿಮ್ಮ ಹೆಸರು ಸೇರಿಸಿ. ಅದರಲ್ಲಿ ಹೆರಿಗೆ ಖರ್ಚು ಸೇರಿದೆಯಾ, ಎಷ್ಟು ರೂಪಾಯಿವರೆಗೆ, ಹುಟ್ಟಿದ ಮಗುವಿನ ಹೆಸರನ್ನು ಎಷ್ಟು ದಿನದೊಳಗೆ ಸೇರಿಸಬೇಕು, ಇಷ್ಟನ್ನು ಓದಿಕೊಳ್ಳಿ. ಕೈಯಲ್ಲಿ ಆರು ತಿಂಗಳ ಮನೆ ಖರ್ಚು, ಜೊತೆಗೆ ಹೆರಿಗೆಯ ಖರ್ಚು ಇದ್ದರೆ ನಿಮ್ಮ ಭಯ ಅರ್ಧಕ್ಕೆ ಇಳಿಯುತ್ತದೆ. ಈ ವರ್ಷ ಹೊಸ ಇಎಂಐ ಮಾತ್ರ ಬೇಡ.

ಇನ್ನೊಂದು ಮಾತು, ಸ್ವಲ್ಪ ಮುಜುಗರ ಆದರೂ ಹೇಳುತ್ತೇನೆ. ಅಪ್ರೈಸಲ್ ಮುಗಿಯಲಿ, ಆಮೇಲೆ ಆ ತಿಂಗಳಲ್ಲಿ ಗರ್ಭಿಣಿ ಆಗುತ್ತೇನೆ ಅಂತ ದಿನ ಹಾಕುವುದು ಯಾರ ಕೈಯಲ್ಲೂ ಇಲ್ಲ. ಪ್ರಯತ್ನ ಮಾಡುವ ಹೆಚ್ಚಿನ ದಂಪತಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಕೆಲವರಿಗೆ ಮೊದಲ ತಿಂಗಳೇ, ಕೆಲವರಿಗೆ ಹನ್ನೊಂದನೇ ತಿಂಗಳು. ವರ್ಷವಾದರೂ ಆಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ವಯಸ್ಸು 35 ದಾಟಿದ್ದರೆ ಆರು ತಿಂಗಳಿಗೇ ಹೋಗುವುದು ಒಳ್ಳೆಯದು. ನೀವು ಖಾಯಂ ಆಗಲಿ ಅಂತ ಒಂದು ವರ್ಷ, ಬಡ್ತಿ ಬರಲಿ ಅಂತ ಇನ್ನೊಂದು ವರ್ಷ ಮುಂದೆ ಹಾಕಿದರೆ, ಕಂಪನಿ ಆ ವರ್ಷಗಳನ್ನು ವಾಪಸ್ ಕೊಡುವುದಿಲ್ಲ. ಪ್ರಯತ್ನ ಶುರು ಮಾಡುವ ಮುಂಚೆಯೇ ಡಾಕ್ಟರ್ ಕೇಳಿ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರು ಮಾಡಿ. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಗರ್ಭ ನಿಂತ ಮೊದಲ ವಾರಗಳಲ್ಲೇ.

ಕೆಲಸ ಬದಲಾಯಿಸುವ ಯೋಚನೆ ಇದ್ದರೆ ಈಗ, ಗರ್ಭಿಣಿಯಾಗುವ ಮುಂಚೆ ಬದಲಾಯಿಸಿ. ಆಮೇಲೆ ಬದಲಾಯಿಸಿದರೆ ಹೊಸ ಕಡೆ 80 ದಿನ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

ರಜೆ ಮುಗಿಸಿ ವಾಪಸ್ ಬಂದ ಮೊದಲ ತಿಂಗಳುಗಳ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ನನಗೆ ಚಿಂತೆ ಜಾಸ್ತಿ ಇರುವುದು ಅಲ್ಲೇ. ಆ ರಜೆಯ ಕಾವಲು ಮುಗಿದಿರುತ್ತದೆ, ನಿಮ್ಮ ಕೆಲಸ ಬೇರೆ ಯಾರದೋ ಕೈಯಲ್ಲಿ ಇರುತ್ತದೆ, ಮಗು ರಾತ್ರಿ ಮಲಗಿರುವುದಿಲ್ಲ. ಅದಕ್ಕೆ ರಜೆಗೆ ಹೋಗುವ ಮುಂಚೆಯೇ ಹ್ಯಾಂಡ್‌ಓವರ್ ಬರೆದಿಡಿ. ಯಾವ ಕೆಲಸ ಯಾರಿಗೆ ತಾತ್ಕಾಲಿಕವಾಗಿ ಕೊಟ್ಟಿದ್ದು, ನೀವು ಬಂದ ಮೇಲೆ ಯಾವುದು ನಿಮಗೆ ವಾಪಸ್ ಬರುತ್ತದೆ ಅನ್ನುವುದು ಅದರಲ್ಲಿ ಇರಲಿ. ಮ್ಯಾನೇಜರ್ "ಸರಿ" ಅಂತ ಉತ್ತರ ಕೊಟ್ಟ ಮೇಲ್ ಇರಲಿ. ಮನೆಯಿಂದ ಕೆಲಸ ಮಾಡಲು ಆಗುವ ಹುದ್ದೆಯಾದರೆ, ರಜೆಯ ನಂತರ ಹಾಗೆ ಮಾಡಲು ಇಬ್ಬರೂ ಒಪ್ಪಿ ಮಾತಾಡಿಕೊಳ್ಳಬಹುದು ಅಂತ ಕಾನೂನಿನಲ್ಲೇ ಇದೆ. ಆ ಮಾತನ್ನು ರಜೆಗೆ ಹೋಗುವ ಮುಂಚೆ ಎತ್ತಿ. ಮಗುವಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು. 50 ಅಥವಾ ಹೆಚ್ಚು ಜನ ಇರುವ ಕಡೆ ಶಿಶುವಿಹಾರದ ಸೌಲಭ್ಯ ಇರಬೇಕು. ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ.

ಹಕ್ಕು ತಪ್ಪಿಸಿದರೆ ಮೊದಲು ಎಚ್‌ಆರ್‌ಗೆ ಲಿಖಿತವಾಗಿ ಬರೆಯಿರಿ. ಅವರು ಸುಮ್ಮನಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಜೊತೆಗೆ ಕಾರ್ಮಿಕ ಪ್ರಕರಣ ನೋಡುವ ವಕೀಲರನ್ನು ಒಮ್ಮೆ ಕಾಣಿ.

ಈ ವಾರ ನೀವು ಮಾಡಬೇಕಾದದ್ದು ಎರಡೇ. ಆಫರ್ ಲೆಟರ್‌ನಲ್ಲಿ ಪ್ರೊಬೇಷನ್ ಮತ್ತು ನೋಟಿಸ್ ಬಗ್ಗೆ ಏನು ಬರೆದಿದ್ದಾರೆ ಓದಿ. ಗಂಡನ ಕಂಪನಿಯ ವಿಮೆ ಕಾಗದ ತೆಗೆಸಿ. ಆಫರ್ ಲೆಟರ್‌ನ ಮಾತು ಅರ್ಥವಾಗದಿದ್ದರೆ ನಿಮ್ಮ ಹೆಸರು, ಕಂಪನಿ ಹೆಸರು ಅಳಿಸಿ ಆ ಪ್ಯಾರಾ ಮಾತ್ರ ಇಲ್ಲಿ ಹಾಕಿ. ಸಂಜೆ ಹೊತ್ತಿಗೆ ನೋಡಿ ಹೇಳುತ್ತೇನೆ.